ನಾಲ್ಕು ವರ್ಷದ ಸದಸ್ಯರು, ನೂರು ವರ್ಷದ ಲೆಕ್ಕ
ಅಮೆರಿಕದ ವಿದ್ಯಾರ್ಥಿನಿ ಸಂಘಗಳ ಆಯವ್ಯಯ ಮತ್ತು ಮೀಸಲು ನಿಧಿಯ ಚರಿತ್ರೆ

ಸಂಘವೊಂದರ ಚರಿತ್ರೆಯನ್ನು ಬರೆಯಲು ಹೊರಟವರು ಸಾಮಾನ್ಯವಾಗಿ ಅಧ್ಯಕ್ಷರ ಪಟ್ಟಿಯನ್ನೂ ಸಮ್ಮೇಳನಗಳ ವರದಿಯನ್ನೂ ಮುಂದಿಟ್ಟುಕೊಂಡು ಕುಳಿತುಕೊಳ್ಳುತ್ತಾರೆ. ಜಮಾ-ಖರ್ಚಿನ ಪುಸ್ತಕವನ್ನು ತೆರೆದು ನೋಡುವವರು ವಿರಳ. ಆದರೆ ಒಂದು ಸಂಸ್ಥೆ ಯಾವ ಬಲದಿಂದ ಬಾಳಿತು, ಯಾವಾಗ ಬಳಲಿತು, ಯಾರನ್ನು ಒಳಗೆ ಕರೆದುಕೊಂಡಿತು, ಯಾರನ್ನು ಹೊಸ್ತಿಲಾಚೆಗೆ ನಿಲ್ಲಿಸಿತು ಎಂಬುದನ್ನು ಆ ಪುಸ್ತಕವು ವೇದಿಕೆಯ ಭಾಷಣಗಳಿಗಿಂತ ಸ್ಪಷ್ಟವಾಗಿ ಹೇಳಬಲ್ಲದು. ಈ ದೃಷ್ಟಿಯಿಂದ ನಾವಿಲ್ಲಿ ದೂರದೇಶದ ಒಂದು ವಿಶಿಷ್ಟ ಪರಂಪರೆಯನ್ನು ಪರಿಚಯಿಸಲು ಬಯಸುತ್ತೇವೆ. ಅದು ಅಮೆರಿಕದ ಕಾಲೇಜುಗಳಲ್ಲಿ ಸುಮಾರು 170 ವರ್ಷಗಳಿಂದ ನಡೆದುಬಂದಿರುವ ವಿದ್ಯಾರ್ಥಿನಿಯರ ಸಂಘ. ಅಲ್ಲಿನವರು ಅದನ್ನು ‘ಸೊರಾರಿಟಿ’ ಎನ್ನುತ್ತಾರೆ. ಒಂದೊಂದು ಕಾಲೇಜಿನಲ್ಲಿರುವ ಅದರ ಶಾಖೆಗೆ ‘ಚಾಪ್ಟರ್’ ಎಂದು ಹೆಸರು.

ನಮ್ಮ ಗಡಿನಾಡಿನ ಓದುಗರಿಗೆ ಈ ವಿಷಯವೇಕೆ ಎಂಬ ಪ್ರಶ್ನೆ ಸಹಜ. ನಮ್ಮ ಸಂಘದ ಸದಸ್ಯರಲ್ಲಿ ಅನೇಕರು ಮೂವತ್ತು, ನಾಲ್ವತ್ತು ವರ್ಷಗಳಿಂದ ಸಂಘದೊಡನೆ ಇರುವವರು. ಸೊರಾರಿಟಿಯ ಶಾಖೆಯಲ್ಲಾದರೋ ಹದಿನೆಂಟರ ಪ್ರಾಯದಲ್ಲಿ ಬಂದ ಹುಡುಗಿ ಇಪ್ಪತ್ತೆರಡಕ್ಕೆ ಪದವಿ ಪಡೆದು ಹೊರಟುಹೋಗುತ್ತಾಳೆ. ನಾಲ್ಕು ವರ್ಷಗಳಿಗೊಮ್ಮೆ ಸದಸ್ಯವರ್ಗವೆಲ್ಲ ಪೂರ್ತಿ ಬದಲಾಗುತ್ತದೆ. ಖಜಾಂಚಿಗೆ ಇಪ್ಪತ್ತು ತುಂಬಿದ್ದರೆ ಹೆಚ್ಚು. ಹೀಗಿದ್ದೂ ನೂರು ವರ್ಷ ದಾಟಿದ ಶಾಖೆಗಳು ಅಲ್ಲಿ ಎಷ್ಟೋ ಇವೆ. ಇಂತಹ ಅಸ್ಥಿರ ಸದಸ್ಯತ್ವದ ಮೇಲೆ ಇಷ್ಟು ಸ್ಥಿರವಾದ ಸಂಸ್ಥೆ ನಿಂತದ್ದು ಹೇಗೆ ಎಂಬುದು ಪೀಳಿಗೆಯಿಂದ ಪೀಳಿಗೆಗೆ ಸಂಘವನ್ನು ದಾಟಿಸಬೇಕಾದ ನಮಗೂ ತಿಳಿಯಬೇಕಾದ ಸಂಗತಿ.

ಆರಂಭದ ದಿನಗಳು

ಜಾರ್ಜಿಯಾ ರಾಜ್ಯದ ಮೇಕನ್ ಪಟ್ಟಣದಲ್ಲಿದ್ದ ವೆಸ್ಲಿಯನ್ ಮಹಿಳಾ ಕಾಲೇಜಿನಲ್ಲಿ 1851ರಲ್ಲಿ ಅಡೆಲ್ಫಿಯನ್ ಸೊಸೈಟಿ ಎಂಬ ಸಾಹಿತ್ಯ ಕೂಟ ಹುಟ್ಟಿತು. ಮರುವರ್ಷವೇ ಅದೇ ಕಾಲೇಜಿನಲ್ಲಿ ಫಿಲೊಮೇಥಿಯನ್ ಸೊಸೈಟಿ ಪ್ರಾರಂಭವಾಯಿತು. ಮುಂದೆ ಇವೆರಡೂ ಕ್ರಮವಾಗಿ ಆಲ್ಫಾ ಡೆಲ್ಟಾ ಪೈ ಮತ್ತು ಫೈ ಮ್ಯೂ ಎಂಬ ಗ್ರೀಕ್ ಅಕ್ಷರಗಳ ಹೆಸರು ತಾಳಿ ರಾಷ್ಟ್ರವ್ಯಾಪಿ ಸಂಘಗಳಾದವು. ಇಲಿನಾಯ್ ರಾಜ್ಯದ ಮನ್ಮತ್ ಕಾಲೇಜಿನಲ್ಲಿ 1867ರಲ್ಲಿ ಹನ್ನೆರಡು ವಿದ್ಯಾರ್ಥಿನಿಯರು ಕಟ್ಟಿದ ಕೂಟ ಇಂದು ಪೈ ಬೀಟಾ ಫೈ ಎನಿಸಿದೆ. 1870ರಲ್ಲಿ ಇಂಡಿಯಾನಾದ ಗ್ರೀನ್‌ಕ್ಯಾಸಲ್‌ನಲ್ಲಿ ಬೆಟಿ ಲಾಕ್ ಮತ್ತು ಆಕೆಯ ಗೆಳತಿಯರು ಕಪ್ಪಾ ಆಲ್ಫಾ ಥೀಟಾವನ್ನು ಸ್ಥಾಪಿಸಿದರು. ಗಂಡುಮಕ್ಕಳ ಕಾಲೇಜಿಗೆ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳತೊಡಗಿ ಅಲ್ಲಿಗೆ ಕೆಲವೇ ವರ್ಷಗಳಾಗಿದ್ದವು. ತರಗತಿಯಲ್ಲಿ ಬೆರಳೆಣಿಕೆಯಷ್ಟಿದ್ದ ಆ ವಿದ್ಯಾರ್ಥಿನಿಯರಿಗೆ ಪರಸ್ಪರರ ಆಸರೆ ಅಗತ್ಯವಾಗಿತ್ತು.

‘ಸೊರಾರಿಟಿ’ ಎಂಬ ಪದ ಬಳಕೆಗೆ ಬಂದದ್ದು ತುಸು ತಡವಾಗಿ. ಸಿರಾಕ್ಯೂಸ್ ವಿಶ್ವವಿದ್ಯಾಲಯದಲ್ಲಿ 1874ರಲ್ಲಿ ಹುಟ್ಟಿದ ಗಾಮಾ ಫೈ ಬೀಟಾ ಸಂಘಕ್ಕಾಗಿ ಅಲ್ಲಿಯ ಲ್ಯಾಟಿನ್ ಪ್ರಾಧ್ಯಾಪಕರಾದ ಫ್ರಾಂಕ್ ಸ್ಮಾಲಿಯವರು 1882ರಲ್ಲಿ ಈ ಪದವನ್ನು ಟಂಕಿಸಿದರು. ಲ್ಯಾಟಿನಿನಲ್ಲಿ ‘ಸೊರೊರ್’ ಎಂದರೆ ಸಹೋದರಿ. ಆದುದರಿಂದ ಇವನ್ನು ‘ಸೋದರಿ ಸಂಘ’ ಎಂದು ಕರೆದರೆ ತಪ್ಪಾಗದು.

ಮೊದಲ ದಶಕಗಳಲ್ಲಿ ಈ ಕೂಟಗಳಿಗೆ ಹೆಚ್ಚಿನ ಹಣದ ಅವಶ್ಯಕತೆಯಿರಲಿಲ್ಲ. ಯಾರದೋ ಮನೆಯ ಕೋಣೆಯಲ್ಲಿ ಸೇರುವುದು, ಪ್ರಬಂಧ ಓದುವುದು, ಹಾಡುವುದು, ಸಣ್ಣದೊಂದು ವಂತಿಗೆಯಲ್ಲಿ ಖರ್ಚು ಸರಿದೂಗಿಸುವುದು ಇಷ್ಟೇ. ವರ್ಷದ ಕೊನೆಗೆ ಶಿಲ್ಕು ಉಳಿದರೂ ಉಳಿಯದಿದ್ದರೂ ಯಾರಿಗೂ ನಷ್ಟವಿರಲಿಲ್ಲ. ಸಂಘಕ್ಕೆ ಆಸ್ತಿ ಎಂಬುದು ಬಂದೊಡನೆ ಈ ಸರಳ ಸ್ಥಿತಿ ಬದಲಾಯಿತು.

ಮನೆ ಬಂದಾಗ ಲೆಕ್ಕವೂ ಬಂತು

ಸಿರಾಕ್ಯೂಸಿನಲ್ಲಿಯೇ 1872ರಲ್ಲಿ ಸ್ಥಾಪಿತವಾಗಿದ್ದ ಆಲ್ಫಾ ಫೈ ಸಂಘವು 1886ರಲ್ಲಿ ತನ್ನದೇ ಮನೆಯನ್ನು ಕಟ್ಟಿಸಿ ಅದರಲ್ಲಿ ವಾಸ್ತವ್ಯ ಹೂಡಿತು. ವಿದ್ಯಾರ್ಥಿನಿ ಸಂಘವೊಂದು ಸ್ವಂತವಾಗಿ ಕಟ್ಟಿಕೊಂಡ ಮೊದಲ ಮನೆ ಎಂದು ಅದನ್ನು ಗುರುತಿಸುತ್ತಾರೆ. ಹೆಣ್ಣುಮಕ್ಕಳಿಗೆ ಮತದಾನದ ಹಕ್ಕು ದೇಶದಾದ್ಯಂತ ದೊರೆಯಲು ಆಗ ಇನ್ನೂ 34 ವರ್ಷಗಳಿದ್ದವು ಎಂಬುದನ್ನು ನೆನೆದರೆ ಆ ಸಾಹಸದ ತೂಕ ತಿಳಿಯುತ್ತದೆ.

ಮನೆಯೊಂದು ಬಂದರೆ ಸಾಲದ ಕಂತು, ತೆರಿಗೆ, ವಿಮೆ, ಮಾಡಿನ ದುರಸ್ತಿ, ಅಡುಗೆಯವರ ಸಂಬಳ, ಚಳಿಗಾಲದ ಇಂಧನ ಎಲ್ಲವೂ ಬೆನ್ನಿಗೇ ಬರುತ್ತವೆ. ಸದಸ್ಯೆ ನಾಲ್ಕು ವರ್ಷ ಇರುವವಳು. ಸಾಲವೋ ಇಪ್ಪತ್ತು, ಮೂವತ್ತು ವರ್ಷದ್ದು. ಇಂದಿನ ಹುಡುಗಿ ಮಾಡಿದ ಸಾಲವನ್ನು ಇನ್ನೂ ಹುಟ್ಟದ ಹುಡುಗಿ ತೀರಿಸಬೇಕು. ಇಂದು ಸೋರದ ಮಾಡು ಹತ್ತು ವರ್ಷದ ಬಳಿಕ ಸೋರಿದರೆ ಅಂದಿನವರು ತೆರಬೇಕು. ಈ ತೊಡಕಿಗೆ ಅವರು ಕಂಡುಕೊಂಡ ಪರಿಹಾರ ಎರಡು ಬಗೆಯದು.

ಮೊದಲನೆಯದು ಆಸ್ತಿಯನ್ನೂ ದೈನಂದಿನ ವ್ಯವಹಾರವನ್ನೂ ಬೇರ್ಪಡಿಸಿದ್ದು. ಮನೆಯ ಒಡೆತನವನ್ನು ‘ಹೌಸ್ ಕಾರ್ಪೊರೇಷನ್’ ಎಂಬ ಪ್ರತ್ಯೇಕ ನೋಂದಾಯಿತ ಸಂಸ್ಥೆಗೆ ವಹಿಸಿದರು. ಅದರ ಆಡಳಿತ ಮಂಡಳಿಯಲ್ಲಿ ಹಳೆಯ ವಿದ್ಯಾರ್ಥಿನಿಯರಿರುತ್ತಾರೆ. ಓದುತ್ತಿರುವ ಹುಡುಗಿಯರ ಶಾಖೆ ಆ ಸಂಸ್ಥೆಗೆ ಬಾಡಿಗೆ ಕೊಡುತ್ತದೆ. ಒಂದು ವರ್ಷದ ಖಜಾಂಚಿ ಅನುಭವ ಸಾಲದೆ ಖರ್ಚು ಮೀರಿಸಿದರೂ ಮನೆ ಹರಾಜಿಗೆ ಬರುವುದಿಲ್ಲ. ಎರಡನೆಯದು ಮೀಸಲು ನಿಧಿ. ವಂತಿಗೆಯಲ್ಲಿಯೂ ಬಾಡಿಗೆಯಲ್ಲಿಯೂ ಒಂದು ಪಾಲನ್ನು ಪ್ರತಿವರ್ಷ ಮೊದಲೇ ತೆಗೆದಿರಿಸುವುದು, ಖರ್ಚೆಲ್ಲ ಮುಗಿದ ಮೇಲೆ ಉಳಿದರೆ ನೋಡೋಣ ಎನ್ನದಿರುವುದು.

ಒಂದು ವರ್ಷದ ಆಯವ್ಯಯ

ಇಂತಹ ಶಾಖೆಯ ವಾರ್ಷಿಕ ಲೆಕ್ಕ ಹೇಗಿರುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ. ಆದಾಯದ ಕಡೆ ಸದಸ್ಯರ ವಂತಿಗೆ, ಹೊಸಬರ ಪ್ರವೇಶಧನ, ಮನೆಯಲ್ಲಿ ವಾಸಿಸುವವರ ಬಾಡಿಗೆ ಮತ್ತು ಊಟದ ಹಣ, ಹಳೆಯ ವಿದ್ಯಾರ್ಥಿನಿಯರ ಕಾಣಿಕೆ ಇವು ಮುಖ್ಯ. ವೆಚ್ಚದ ಕಡೆ ಕೇಂದ್ರ ಸಂಘಕ್ಕೆ ತಲಾವಾರು ಸಲ್ಲಿಸಬೇಕಾದ ಹಣ, ವಿಮೆ, ಮನೆಯ ಬಾಡಿಗೆ, ಅಡುಗೆಮನೆ, ಹೊಸಬರನ್ನು ಬರಮಾಡಿಕೊಳ್ಳುವ ವಾರದ ಖರ್ಚು, ಸಮಾರಂಭಗಳು, ಪ್ರತಿನಿಧಿಗಳ ಪ್ರಯಾಣ. ದಾನಕ್ಕಾಗಿ ಸಂಗ್ರಹಿಸಿದ ಹಣದ ಲೆಕ್ಕ ಬೇರೆಯದೇ. ಆಸ್ಪತ್ರೆಗೋ ವಾಚನಾಲಯಕ್ಕೋ ಎಂದು ಎತ್ತಿದ ಹಣವನ್ನು ಸಂಘದ ಸಮಾರಂಭಕ್ಕೆ ಬಳಸುವಂತಿಲ್ಲ.

ಲೆಕ್ಕದ ಅನುಕೂಲಕ್ಕಾಗಿ ಒಂದು ಕಲ್ಪಿತ ಉದಾಹರಣೆ ಕೊಡುತ್ತೇವೆ. ಸ್ವಂತ ಮನೆಯಿಲ್ಲದ ಒಂದು ಸಣ್ಣ ಶಾಖೆಯಲ್ಲಿ 60 ಸದಸ್ಯರು, ತಲಾ ವಂತಿಗೆ ವರ್ಷಕ್ಕೆ 500 ಡಾಲರು, ಒಟ್ಟು 30,000. ಇದರಲ್ಲಿ ನೂರಕ್ಕೆ ಐದರಂತೆ 1,500 ಡಾಲರನ್ನು ಮೀಸಲಿಗೆ ತೆಗೆದಿಟ್ಟರೆ ಖರ್ಚಿಗೆ ಉಳಿಯುವುದು 28,500. ಹೀಗೆ ಐದು ವರ್ಷ ನಡೆದರೆ ಬಡ್ಡಿಯನ್ನು ಬಿಟ್ಟು 7,500 ಡಾಲರು ಕೂಡುತ್ತದೆ. ಅಂದರೆ ಮೂರು ತಿಂಗಳ ಖರ್ಚಿಗಿಂತ ತುಸು ಹೆಚ್ಚು. ಮೂರರಿಂದ ಆರು ತಿಂಗಳ ಖರ್ಚು ಕೈಯಲ್ಲಿರಬೇಕೆಂಬುದು ಲಾಭದ ಉದ್ದೇಶವಿಲ್ಲದ ಸಂಸ್ಥೆಗಳಿಗೆ ಅಲ್ಲಿಯ ಲೆಕ್ಕಿಗರು ಹೇಳುವ ಸಾಮಾನ್ಯ ಬುದ್ಧಿವಾದ. ಆರನೆಯ ವರ್ಷ ಸದಸ್ಯರ ಸಂಖ್ಯೆ 60ರಿಂದ 45ಕ್ಕೆ ಇಳಿಯಿತೆನ್ನಿ. ಆದಾಯ ಒಮ್ಮೆಲೇ 7,500 ಡಾಲರು ಕಡಮೆಯಾಗುತ್ತದೆ. ವಿಮೆಯಂತಹ ಸ್ಥಿರ ವೆಚ್ಚಗಳು ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ಮೀಸಲು ಇದ್ದ ಶಾಖೆ ಆ ವರ್ಷವನ್ನು ದಾಟುತ್ತದೆ. ಇಲ್ಲದ ಶಾಖೆ ಉಳಿದ 45 ಮಂದಿಯ ವಂತಿಗೆಯನ್ನು ಏರಿಸುತ್ತದೆ. ಏರಿಸಿದೊಡನೆ ಇನ್ನಷ್ಟು ಜನ ಬಿಡುತ್ತಾರೆ. ಸಂಘಗಳು ಮುಚ್ಚುವ ದಾರಿ ಇದು.

ಈ ಶಾಖೆಗಳ ಇನ್ನೊಂದು ಪದ್ಧತಿ ನಮ್ಮ ಗಮನವನ್ನು ವಿಶೇಷವಾಗಿ ಸೆಳೆದಿದೆ. ಅನೇಕ ಶಾಖೆಗಳಲ್ಲಿ ಪದಾಧಿಕಾರಿಗಳ ಅವಧಿ ಜನವರಿಯಿಂದ ದಶಂಬರದವರೆಗೆ. ಕಾಲೇಜಿನ ವರ್ಷ ಮುಗಿಯುವುದು ಮೇ ತಿಂಗಳಲ್ಲಿ. ಹೀಗಾಗಿ ಹುದ್ದೆ ಬಿಟ್ಟ ಖಜಾಂಚಿ ಕೊನೆಯ ತರಗತಿಯವಳಾದರೂ ಮತ್ತೆ ಕೆಲವು ತಿಂಗಳು ಅಲ್ಲಿಯೇ ಇರುತ್ತಾಳೆ. ಹೊಸ ಖಜಾಂಚಿಗೆ ತಿಳಿಯದುದನ್ನು ಕೇಳಲು ಹಳಬಳು ಪಕ್ಕದ ಕೋಣೆಯಲ್ಲಿದ್ದಾಳೆ. ಇದರೊಂದಿಗೆ ಹಳೆಯ ವಿದ್ಯಾರ್ಥಿನಿಯೊಬ್ಬಳು ಹಣಕಾಸಿನ ಸಲಹೆಗಾರಳಾಗಿ ಲೆಕ್ಕವನ್ನು ಆಗಾಗ ಪರಿಶೀಲಿಸುತ್ತಾಳೆ. ಲೆಕ್ಕ ಒಪ್ಪಿಸುವುದೆಂದರೆ ಪುಸ್ತಕದೊಡನೆ ತಿಳಿವಳಿಕೆಯನ್ನೂ ಒಪ್ಪಿಸುವುದು ಎಂಬ ಅರಿವು ಈ ಏರ್ಪಾಡಿನಲ್ಲಿದೆ.

ಕಾನೂನಿನ ಕಟ್ಟು

ಅಮೆರಿಕದ ಆದಾಯ ತೆರಿಗೆ ಸಂಹಿತೆಯ 501(ಸಿ)(7)ನೆಯ ಕಲಮಿನ ಪ್ರಕಾರ ಈ ಸಂಘಗಳು ಸಾಮಾನ್ಯವಾಗಿ ‘ಸಾಮಾಜಿಕ ಕೂಟ’ಗಳ ವರ್ಗಕ್ಕೆ ಸೇರುತ್ತವೆ. ಸದಸ್ಯರು ತಮ್ಮೊಳಗೇ ಕೂಡಿಸಿಕೊಂಡ ಹಣಕ್ಕೆ ತೆರಿಗೆಯಿಲ್ಲ. ಆದರೆ ನಿಧಿಯ ಪ್ರಯೋಜನ ಯಾವೊಬ್ಬ ಸದಸ್ಯೆಗೂ ಖಾಸಗಿಯಾಗಿ ಸಲ್ಲಕೂಡದು. ಒಟ್ಟು ಆದಾಯದಲ್ಲಿ ಹೊರಗಿನ ಮೂಲಗಳ ಪಾಲು ನೂರಕ್ಕೆ 35ನ್ನು ಮೀರಬಾರದು. 1969ರ ತಿದ್ದುಪಡಿಯ ಬಳಿಕ ಮೀಸಲು ನಿಧಿಯ ಮೇಲೆ ಬರುವ ಬಡ್ಡಿಗೆ ಸಾಮಾನ್ಯವಾಗಿ ತೆರಿಗೆ ಉಂಟು; ಧರ್ಮಕಾರ್ಯಕ್ಕೆಂದು ವಿಧಿವತ್ತಾಗಿ ಮುಡಿಪಿಟ್ಟ ಭಾಗಕ್ಕೆ ಮಾತ್ರ ವಿನಾಯಿತಿ. ಸರಕಾರದ ನಿಲುವು ಸ್ಪಷ್ಟ: ಕೂಡಿ ಬಾಳಲು ಕೂಡಿಟ್ಟರೆ ಆಕ್ಷೇಪವಿಲ್ಲ, ಕೂಡಿಟ್ಟದ್ದರಿಂದಲೇ ಬಾಳುವುದಾದರೆ ತೆರಿಗೆ ಕೊಡಿ.

ಪ್ರತಿವರ್ಷ ವಿವರಪಟ್ಟಿ ಸಲ್ಲಿಸುವುದು ಕಡ್ಡಾಯ. ಸಾಮಾನ್ಯವಾಗಿ 50,000 ಡಾಲರಿಗೆ ಮೀರದ ಆದಾಯವುಳ್ಳ ಸಂಸ್ಥೆಗೆ ಒಂದು ಕಿರು ಸೂಚನೆ ಸಾಕು. 2006ರ ಕಾಯಿದೆಯೊಂದು, ಸತತ ಮೂರು ವರ್ಷ ಈ ಪಟ್ಟಿಯನ್ನು ಸಲ್ಲಿಸದ ಸಂಸ್ಥೆಯ ವಿನಾಯಿತಿ ತಾನಾಗಿ ರದ್ದಾಗುತ್ತದೆ ಎಂದು ವಿಧಿಸಿತು. 2011ರ ಜೂನಿನಲ್ಲಿ ಮೊದಲ ಪಟ್ಟಿ ಪ್ರಕಟವಾದಾಗ ದೇಶದಾದ್ಯಂತ ಎಲ್ಲ ಬಗೆಯ ಸಂಸ್ಥೆಗಳು ಸೇರಿ ಸುಮಾರು 2,75,000 ಸಂಸ್ಥೆಗಳು ವಿನಾಯಿತಿಯನ್ನು ಕಳೆದುಕೊಂಡಿದ್ದವು. ಅವುಗಳಲ್ಲಿ ಬಹುಪಾಲು ಆ ವೇಳೆಗೆ ಮುಚ್ಚಿಹೋಗಿದ್ದಿರಬಹುದೆಂದು ತೆರಿಗೆ ಇಲಾಖೆಯೇ ಹೇಳಿತು. ಮುಚ್ಚಿದ ಸಂಘ ಮುಚ್ಚಿದೆ ಎಂದು ತಿಳಿಸುವವರೂ ಉಳಿದಿರಲಿಲ್ಲ.

ನಮ್ಮಲ್ಲಿಯೂ ಇದಕ್ಕೆ ಸಮಾನವಾದ ಕಟ್ಟುಪಾಡುಗಳಿವೆ. 1860ರ ಸಂಘಗಳ ನೋಂದಣಿ ಅಧಿನಿಯಮದ ಪ್ರಕಾರ ಆಡಳಿತ ಮಂಡಳಿಯ ಪಟ್ಟಿಯನ್ನು ವರ್ಷಕ್ಕೊಮ್ಮೆ ಸಲ್ಲಿಸಬೇಕು. ಸಂಘ ವಿಸರ್ಜನೆಯಾದರೂ ಉಳಿದ ಆಸ್ತಿಯನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ. ಸಂಘದ ಹಣ ಸದಸ್ಯರ ಕೈಯಲ್ಲಿರುವುದು, ಆದರೆ ಸದಸ್ಯರದಾಗಿರುವುದಿಲ್ಲ ಎಂಬ ಧರ್ಮಸೂಕ್ಷ್ಮ ಎರಡು ದೇಶಗಳ ಕಾನೂನಿನಲ್ಲಿಯೂ ಒಂದೇ.

ಹಣವೇ ಗೋಡೆಯಾದ ಬಗೆ

ಈ ಸಂಘಗಳ ಗುಣವನ್ನಷ್ಟೇ ಹೇಳಿ ನಿಲ್ಲಿಸಿದರೆ ಚರಿತ್ರೆಗೆ ಅಪಚಾರವಾದೀತು. 1902ರಲ್ಲಿ ಷಿಕಾಗೋದಲ್ಲಿ ಏಳು ಸಂಘಗಳು ಕೂಡಿ ಈಗ ನ್ಯಾಷನಲ್ ಪ್ಯಾನ್‌ಹೆಲೆನಿಕ್ ಕಾನ್ಫರೆನ್ಸ್ ಎಂದು ಕರೆಯಲಾಗುವ ಒಕ್ಕೂಟವನ್ನು ರಚಿಸಿದವು. ಇಂದು ಅದರಲ್ಲಿ 26 ಸಂಘಗಳಿವೆ. ಆದರೆ ದೀರ್ಘಕಾಲ ಈ ಸಂಘಗಳ ಬಾಗಿಲು ಬಿಳಿಯ, ಕ್ರೈಸ್ತ, ಅನುಕೂಲಸ್ಥ ಮನೆತನದ ಹುಡುಗಿಯರಿಗಷ್ಟೇ ತೆರೆದಿತ್ತು. ಯೆಹೂದಿ ವಿದ್ಯಾರ್ಥಿನಿಯರು 1909ರಲ್ಲಿ ನ್ಯೂಯಾರ್ಕಿನ ಬಾರ್ನರ್ಡ್ ಕಾಲೇಜಿನಲ್ಲಿ ಆಲ್ಫಾ ಎಪ್ಸಿಲಾನ್ ಫೈ ಎಂಬ ತಮ್ಮದೇ ಸಂಘವನ್ನು ಕಟ್ಟಿಕೊಳ್ಳಬೇಕಾಯಿತು. ದೊಡ್ಡ ಮನೆ, ದೊಡ್ಡ ನಿಧಿ, ದೊಡ್ಡ ವಂತಿಗೆ ಇವು ಬಡವರ ಮಕ್ಕಳನ್ನು ಹೆಸರೆತ್ತದೆಯೇ ಹೊರಗಿಟ್ಟವು. ಅಲಬಾಮಾ ವಿಶ್ವವಿದ್ಯಾಲಯದಲ್ಲಿ 2013ರಷ್ಟು ಈಚೆಗೂ, ಅರ್ಹತೆಯುಳ್ಳ ಕಪ್ಪು ವಿದ್ಯಾರ್ಥಿನಿಯರನ್ನು ಹಳೆಯ ಸದಸ್ಯೆಯರ ಒತ್ತಡದಿಂದಾಗಿ ನಿರಾಕರಿಸಲಾಯಿತೆಂಬ ದೂರು ದೊಡ್ಡ ವಿವಾದವಾಗಿ, ಬಳಿಕ ಪ್ರವೇಶ ನೀತಿಯನ್ನು ಬದಲಿಸಬೇಕಾಯಿತು. ನಿಧಿಯನ್ನು ಕಾಪಾಡುವ ಹಿರಿಯರು ಬಾಗಿಲನ್ನೂ ತಾವೇ ಕಾಯತೊಡಗಿದರೆ ಆಗುವ ಅನರ್ಥ ಇದು.

ಇನ್ನೊಂದು ಧಾರೆ ಇದಕ್ಕಿಂತ ಭಿನ್ನವಾಗಿದೆ, ನಮ್ಮ ಅಭಿಪ್ರಾಯದಲ್ಲಿ ಹೆಚ್ಚು ಉಜ್ವಲವಾಗಿದೆ. ವಾಷಿಂಗ್‌ಟನ್ನಿನ ಹಾವರ್ಡ್ ವಿಶ್ವವಿದ್ಯಾಲಯದಲ್ಲಿ 1908ರಲ್ಲಿ ಕಪ್ಪು ವಿದ್ಯಾರ್ಥಿನಿಯರು ಆಲ್ಫಾ ಕಪ್ಪಾ ಆಲ್ಫಾ ಸಂಘವನ್ನು ಸ್ಥಾಪಿಸಿದರು. ಗುಲಾಮಗಿರಿ ಅಳಿದು ಐವತ್ತು ವರ್ಷವೂ ಆಗಿರಲಿಲ್ಲ. 1913ರಲ್ಲಿ ನೆಲ್ಲಿ ಕ್ವಾಂಡರ್ ಅವರ ಮುಂದಾಳತನದಲ್ಲಿ ಸಂಘವನ್ನು ಕಾನೂನುಬದ್ಧವಾಗಿ ನೋಂದಾಯಿಸಲಾಯಿತು. ಸಂಸ್ಥಾಪಕಿಯರಲ್ಲಿ ಮುಖ್ಯರಾದ ಎಥೆಲ್ ಹೆಡ್ಜ್‌ಮನ್ ಲೈಲ್ ಅವರು 1923ರಿಂದ 1946ರವರೆಗೆ ಸಂಘದ ರಾಷ್ಟ್ರೀಯ ಖಜಾಂಚಿಯಾಗಿದ್ದರು. ಸಂಘವನ್ನು ಕಲ್ಪಿಸಿಕೊಂಡ ವ್ಯಕ್ತಿಯೇ 23 ವರ್ಷಗಳ ಕಾಲ ಅದರ ಲೆಕ್ಕದ ಪುಸ್ತಕವನ್ನು ಹಿಡಿದು ಕುಳಿತ ಇಂತಹ ಉದಾಹರಣೆ ಅಪರೂಪ. ಅಮೆರಿಕದಲ್ಲಿ ಬ್ಯಾಂಕುಗಳು ಮುಳುಗಿ ಲಕ್ಷಾಂತರ ಜನ ನಿರುದ್ಯೋಗಿಗಳಾದ ಆರ್ಥಿಕ ಮುಗ್ಗಟ್ಟಿನ ದಶಕವೂ ಈ ಅವಧಿಯಲ್ಲಿಯೇ ಬಂತು. ಆ ಕಾಲಘಟ್ಟದಲ್ಲಿ ಹಲವು ಸಣ್ಣ ಸಂಘಗಳು ಪ್ರತ್ಯೇಕವಾಗಿ ಉಳಿಯದೆ ಹೋದವು. ಆಲ್ಫಾ ಡೆಲ್ಟಾ ಥೀಟಾ 1939ರಲ್ಲಿ ಫೈ ಮ್ಯೂನಲ್ಲಿಯೂ, ಬೀಟಾ ಫೈ ಆಲ್ಫಾ 1941ರಲ್ಲಿ ಡೆಲ್ಟಾ ಝೀಟಾದಲ್ಲಿಯೂ ವಿಲೀನವಾದವು.

ಅದೇ ದಶಕದಲ್ಲಿ ಆಲ್ಫಾ ಕಪ್ಪಾ ಆಲ್ಫಾ ತನ್ನ ಹಣವನ್ನು ಕಟ್ಟಿಡುವುದರ ಜೊತೆಗೆ ಬಿಚ್ಚಿ ಕೊಡುವುದನ್ನೂ ತೋರಿಸಿತು. 1935ರಿಂದ 1942ರವರೆಗೆ ಅದು ಮಿಸಿಸಿಪ್ಪಿಯ ಬಡ ಗೇಣಿದಾರರ ನಡುವೆ ಬೇಸಿಗೆಯ ಆರೋಗ್ಯ ಶಿಬಿರಗಳನ್ನು ನಡೆಸಿತು. ನೇತೃತ್ವ ವೈದ್ಯೆ ಡೊರೊತಿ ಫೆರಿಬೀ ಅವರದು. ಗೇಣಿದಾರರು ಹೊಲ ಬಿಟ್ಟು ಚಿಕಿತ್ಸಾಲಯಕ್ಕೆ ಹೋಗಲು ತೋಟದ ಒಡೆಯರು ಅಡ್ಡಿಪಡಿಸಿದಾಗ ಆ ಮಹಿಳೆಯರು ಔಷಧವನ್ನು ತಮ್ಮ ಕಾರುಗಳಲ್ಲಿ ಹೇರಿಕೊಂಡು ತೋಟಗಳಿಗೇ ಹೋದರು. ಮಕ್ಕಳಿಗೆ ಸಿಡುಬು, ಗಂಟಲಮಾರಿಗಳಿಗೆ ಲಸಿಕೆ ಹಾಕಿದರು. ಪೈ ಬೀಟಾ ಫೈ ಕೂಡ 1912ರಲ್ಲಿ ಟೆನೆಸೀ ಬೆಟ್ಟಸೀಮೆಯ ಗ್ಯಾಟ್ಲಿನ್‌ಬರ್ಗಿನಲ್ಲಿ ಬಡಮಕ್ಕಳಿಗಾಗಿ ಶಾಲೆಯೊಂದನ್ನು ತೆರೆದಿತ್ತು. ಅದರಿಂದ ಬೆಳೆದ ಆರೋಮಾಂಟ್ ಕರಕುಶಲ ಶಾಲೆ ಇಂದಿಗೂ ಅಲ್ಲಿದೆ. ಮೀಸಲು ಎಂಬುದಕ್ಕೆ ಒಂದು ಗುರಿಯಿದ್ದರೆ ಅದು ಏನು ಮಾಡಬಲ್ಲದು ಎಂಬುದಕ್ಕೆ ಇವು ಸಾಕ್ಷಿ.

ಈ ಪರಂಪರೆಗೆ ನಮ್ಮ ಕಡೆಯವರೂ ಸೇರಿಕೊಂಡಿದ್ದಾರೆ. 1998ರಲ್ಲಿ ಟೆಕ್ಸಸ್ ರಾಜ್ಯದ ಆಸ್ಟಿನ್‌ನಲ್ಲಿ ಕಪ್ಪಾ ಫೈ ಗಾಮಾ ಮತ್ತು ಹ್ಯೂಸ್ಟನ್‌ನಲ್ಲಿ ಡೆಲ್ಟಾ ಫೈ ಒಮೆಗಾ ಎಂಬ ದಕ್ಷಿಣ ಏಷ್ಯಾ ಮೂಲದ ವಿದ್ಯಾರ್ಥಿನಿಯರ ಸಂಘಗಳು ಹುಟ್ಟಿದವು. ಇತರರ ಭವ್ಯ ಮನೆಗಳೆದುರು ಕೆಲವೇ ಗೆಳತಿಯರ ವಂತಿಗೆಯಿಂದ ಕೆಲಸ ಆರಂಭಿಸಿದ ಅವರ ಸ್ಥಿತಿ ಗಡಿನಾಡಿನ ನಮಗೆ ಅಪರಿಚಿತವೇನಲ್ಲ.

ನಮ್ಮ ನೆಲದ ಹಳೆಯ ಲೆಕ್ಕ

ಮೀಸಲು ನಿಧಿಯ ಕಲ್ಪನೆ ಅಮೆರಿಕದಿಂದ ಕಲಿಯಬೇಕಾದ ಹೊಸ ವಿದ್ಯೆಯೆಂದು ಯಾರೂ ಭಾವಿಸಬೇಕಾಗಿಲ್ಲ. ನಾಸಿಕದ ಗುಹೆಯಲ್ಲಿ ಕ್ಷತ್ರಪ ನಹಪಾನನ ಅಳಿಯ ಉಷವದಾತನ ಶಾಸನವೊಂದಿದೆ. ಸುಮಾರು 1,900 ವರ್ಷಗಳಷ್ಟು ಹಳೆಯದು. ಗುಹೆಯಲ್ಲಿ ವಾಸಿಸುವ ಭಿಕ್ಷುಗಳಿಗಾಗಿ ಅವನು 3,000 ಕಾರ್ಷಾಪಣಗಳನ್ನು ಗೋವರ್ಧನದ ನೇಕಾರರ ಶ್ರೇಣಿಗಳಲ್ಲಿ ಇರಿಸಿದನು. 2,000ಕ್ಕೆ ತಿಂಗಳಿಗೆ ನೂರಕ್ಕೆ ಒಂದು, 1,000ಕ್ಕೆ ಮುಕ್ಕಾಲು ಬಡ್ಡಿ. ಮೂಲಧನವನ್ನು ಎಂದೂ ಮುಟ್ಟಕೂಡದು, ಬಡ್ಡಿಯನ್ನಷ್ಟೇ ಬಳಸಬೇಕು ಎಂಬ ಕಟ್ಟಳೆ. 20 ಭಿಕ್ಷುಗಳಿಗೆ ತಲಾ 12 ಕಾರ್ಷಾಪಣ ಚೀವರದ ಹಣ. ಲೆಕ್ಕ ಮಾಡಿ ನೋಡಿ: 2,000ಕ್ಕೆ ವರ್ಷದ ಬಡ್ಡಿ 240, ಇಪ್ಪತ್ತನ್ನು ಹನ್ನೆರಡರಿಂದ ಗುಣಿಸಿದರೂ 240. ಒಂದು ಕಾಸೂ ಹೆಚ್ಚುಕಡಮೆಯಿಲ್ಲ. ಇದಕ್ಕೆ ‘ಅಕ್ಷಯನೀವಿ’ ಎಂದು ಹೆಸರು. ದೇವಾಲಯದ ನಂದಾದೀಪಕ್ಕೆ ಗದ್ಯಾಣಗಳನ್ನು ಬಿಟ್ಟು ಅದರ ಬಡ್ಡಿಯಿಂದ ಎಣ್ಣೆ ಸಲ್ಲಬೇಕೆಂದು ವಿಧಿಸಿದ ಕನ್ನಡ ಶಾಸನಗಳೂ ಉಂಟು. ಅವರು ಲೆಕ್ಕವನ್ನು ಎಲ್ಲರೂ ಓದುವಂತೆ ಕಲ್ಲಿನ ಮೇಲೆ ಬರೆಸಿದರು.

ಸೋದರಿ ಸಂಘಗಳ ಚರಿತ್ರೆಯಿಂದ ನಾವು ಗ್ರಹಿಸಬೇಕಾದದ್ದು ಈ ಹಿನ್ನೆಲೆಯಲ್ಲಿ ಸ್ಪಷ್ಟವಾಗುತ್ತದೆ. ಮೀಸಲು ನಿಧಿಯ ನಿಜವಾದ ಒಡೆಯರು ಇನ್ನೂ ಬಾರದ ಸದಸ್ಯರು. ಇಂದಿನ ಪದಾಧಿಕಾರಿಗಳು ಅದರ ಕಾವಲುಗಾರರಷ್ಟೇ. 1956ರಲ್ಲಿ ರಾಜ್ಯಗಳ ಗಡಿರೇಖೆ ಬದಲಾದಾಗ ಕಾಸರಗೋಡಿನ ಹಿರಿಯರು ಭಾಷೆಯನ್ನು ಉಳಿಸಲು ಸಂಘ, ವಾಚನಾಲಯ, ಶಾಲೆಗಳ ಆಸರೆ ಹಿಡಿದರು. ಆ ಹಿರಿಯರಲ್ಲಿ ಬಹುಮಂದಿ ಇಂದಿಲ್ಲ. ಮಕ್ಕಳು ಬೆಂಗಳೂರು, ದುಬೈ, ಅಮೆರಿಕಗಳಲ್ಲಿದ್ದಾರೆ. ಸಂಘದ ಸಭೆಯಲ್ಲಿ ತಲೆ ನರೆತವರೇ ಹೆಚ್ಚು. ಸಮ್ಮೇಳನ ಬಂದಾಗ ರಸೀತಿ ಪುಸ್ತಕ ಹಿಡಿದು ಮನೆ ಮನೆಗೆ ಹೋಗುತ್ತೇವೆ. ಚಪ್ಪರ, ಊಟ, ಶಾಲು, ಸ್ಮರಣ ಸಂಚಿಕೆಗಳಲ್ಲಿ ಬಂದ ಹಣವೆಲ್ಲ ಕರಗುತ್ತದೆ. ಮರುವರ್ಷ ಮತ್ತೆ ಶೂನ್ಯದಿಂದ ಆರಂಭ. ಹನಿಗೂಡಿ ಹಳ್ಳ ಎನ್ನುವ ಗಾದೆಯನ್ನು ಮಕ್ಕಳಿಗೆ ಕಲಿಸಿದ ನಾವು ಸಂಘದ ವಿಷಯದಲ್ಲಿ ಅದನ್ನು ಪಾಲಿಸಿದ್ದು ಕಡಮೆ.

ಆದುದರಿಂದ ಈ ಸಮ್ಮೇಳನದ ಸಂದರ್ಭದಲ್ಲಿ ಸದಸ್ಯರ ಮುಂದೆ ನಾಲ್ಕು ಸಲಹೆಗಳನ್ನು ವಿನಯಪೂರ್ವಕವಾಗಿ ಇಡುತ್ತೇವೆ. ಪ್ರತಿ ಕಾರ್ಯಕ್ರಮದ ಸಂಗ್ರಹದಲ್ಲಿ ನೂರಕ್ಕೆ ಐದನ್ನಾದರೂ ಖರ್ಚಿಗೆ ಮೊದಲೇ ತೆಗೆದು ಶಾಶ್ವತ ನಿಧಿಯಲ್ಲಿ ಇರಿಸಬೇಕು. ಅದರ ಬಡ್ಡಿ ಕನ್ನಡ ಮಾಧ್ಯಮದ ಮಕ್ಕಳ ಪುಸ್ತಕಕ್ಕೂ ವಿದ್ಯಾರ್ಥಿವೇತನಕ್ಕೂ ಮಾತ್ರ ಸಲ್ಲಬೇಕು. ದತ್ತಿಯ ಹಣವನ್ನು ಸಮಾರಂಭದ ಹಣದೊಡನೆ ಬೆರೆಸಬಾರದು. ನಿವೃತ್ತ ಖಜಾಂಚಿ ಹೊಸಬರೊಡನೆ ಆರು ತಿಂಗಳಾದರೂ ಜೊತೆಗಿರಬೇಕು. ಆ ಹೊಸಬರು ಮೂವತ್ತರೊಳಗಿನವರಾದರೆ, ಅವರಲ್ಲಿ ಹೆಣ್ಣುಮಕ್ಕಳಿದ್ದರೆ, ಇನ್ನೂ ಒಳ್ಳೆಯದು. ಇಪ್ಪತ್ತರ ಹುಡುಗಿ ಅಲ್ಲಿ ಮಾಡುವ ಕೆಲಸವನ್ನು ನಮ್ಮ ಮನೆಯ ಹುಡುಗಿ ಇಲ್ಲಿ ಮಾಡಲಾರಳೇ? ಕೊನೆಯದಾಗಿ, ವಾರ್ಷಿಕ ಆಯವ್ಯಯವನ್ನು ಸಭೆಯಲ್ಲಿ ಓದಿ ಮುಗಿಸದೆ ಅಚ್ಚು ಹಾಕಿಸಿ ಪ್ರತಿ ಸದಸ್ಯರ ಮನೆಗೂ ತಲಪಿಸಬೇಕು. ವಂತಿಗೆ ಕೊಡಲಾರದ ಕುಟುಂಬವನ್ನು ಲೆಕ್ಕದ ನೆಪದಲ್ಲಿ ಹೊರಗಿಡಕೂಡದು ಎಂಬ ಎಚ್ಚರವೂ ಇದರೊಂದಿಗೆ ಇರಲಿ.

ಮುಂದಿನ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಸಂದೇಶಗಳ ಪುಟಗಳ ಜೊತೆಗೆ ಸಂಘದ ಶಾಶ್ವತ ನಿಧಿಯ ಲೆಕ್ಕವೂ ಒಂದು ಪುಟದಲ್ಲಿ ಅಚ್ಚಾಗಲಿ ಎಂದು ಆಶಿಸುತ್ತೇವೆ. ಮೊತ್ತ ಸಣ್ಣದಾದರೂ ಚಿಂತೆಯಿಲ್ಲ. ಮೊದಲ ವರ್ಷದ ಲೆಕ್ಕ ಎಲ್ಲಿಯೂ ಸಣ್ಣದೇ.